ಮನೆಯ ಇಕ್ಕಳ

ಅಮ್ಮ ಯಾವಾಗ ಹೊರಗಾಗಿದ್ದಾಳೆ ಎಂಬುದು ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿಗೆಲ್ಲ ಗೊತ್ತಾಗುತ್ತಿತ್ತು. ಅಪ್ಪನ ಹೋಟೆಲು ಬಸ್‌ಸ್ಟ್ಯಾಂಡಿಗೆ ಎದುರು ಇತ್ತು. ಹೋಟೆಲಿನ ಹಿಂದಿನ ಗೋಡೆಯೇ ನಮ್ಮ ಮನೆಯ ಮುಂದಿನ ಗೋಡೆ. ಎರಡಕ್ಕೂ ಒಂದೇ ಅಡುಗೆಮನೆ. ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸುವ ಕಡುಬಿಗೆ ಹೆಸರಾಗಿದ್ದ ಹೋಟೆಲು ಅದು. ಆ ಹಿಟ್ಟಿನ ಹದ ಅಮ್ಮನನ್ನು ಬಿಟ್ಟು ಬೇರೆ ಯಾರಿಗೂ ಬರುತ್ತಿರಲಿಲ್ಲ. ತಿಂಗಳ ಆ ಮೂರು ದಿನ ಅವಳು ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ, ಹಾಗಾಗಿ ಹೋಟೆಲಿನಲ್ಲಿ ಕಡುಬಿಲ್ಲ. ಬೆಳಗಿನ ಬಸ್ಸಿನ ಡ್ರೈವರು ಬೆಂಚಿನ ಮೇಲೆ ಕೂರುತ್ತಲೇ ಕೇಳುತ್ತಿದ್ದ.

"ಎಂತ ಭಟ್ರೆ, ಕಡುಬಿನ ವಾಸ್ನೇನೇ ಇಲ್ಲ?"

"ಇವತ್ತಿಲ್ಲ ಮಾರಾಯ್ರೆ. ನಾಡಿದ್ದು ಬನ್ನಿ."

"ಓಹೋ, ಹಂಗಾ! ಸರಿ ಸರಿ, ಇಡ್ಲಿನೇ ಕೊಡಿ."

ಆ 'ಹಂಗಾ' ಎನ್ನುವಾಗ ಅವನ ಪಕ್ಕದವರು ಲೋಟದೊಳಗೆ ನಗುತ್ತಿದ್ದರು. ನೀರಿನ ಲೋಟ ಇಡಲು ಹೋಗುತ್ತಿದ್ದ ನನಗೆ ಆ ನಗು ಏನೆಂದು ಬಹಳ ದಿನ ತಿಳಿದಿರಲಿಲ್ಲ. ತಿಳಿದ ಮೇಲೆ ನಾನು ಅಮ್ಮನ ಮುಖ ನೋಡುವ ರೀತಿಯೇ ಬದಲಾಯಿತು. ಮನೆಯ ಹೆಂಗಸಿನ ಮೈಯ ವಿಷಯ ಮೊದಲು ಊರಿಗೆ, ಆಮೇಲೆ ಅವಳಿಗೆ ಎನ್ನುವುದು ನಾನು ಶಾಲೆಗಿಂತ ಮುಂಚೆ ಕಲಿತ ಪಾಠ.

ಮನೆ ರೈಲುಬೋಗಿಯ ಹಾಗೆ ಉದ್ದಕ್ಕಿತ್ತು. ಹೋಟೆಲು, ಜಗಲಿ, ಅಡುಗೆಮನೆ, ಬಚ್ಚಲು, ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಅಂಗಳ. ಅಂಗಳದ ಕೊನೆಗೆ ತಗಡು ಹೊದೆಸಿದ ಒಂದು ಕೋಣೆ. ಹಿಂದೆ ಅದರಲ್ಲಿ ಹೋಟೆಲಿನ ಸೌದೆ ತುಂಬುತ್ತಿದ್ದರಂತೆ. ಗ್ಯಾಸ್ ಬಂದ ಮೇಲೆ ಅದು ಹೊರಗೆ ಕೂರುವವರ ಕೋಣೆಯಾಯಿತು. ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು, ಬಾಗಿಲಿಲ್ಲದ ಕಿಟಕಿ. ಅಪ್ಪನ ತಾಯಿ, ನಮ್ಮ ಅಜ್ಜಿ, ಅಡುಗೆಮನೆಯ ಹಿಂಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತರೆ ಆ ಕೋಣೆಯ ಮೇಲೆ ಕಣ್ಣಿಟ್ಟ ಹಾಗೂ ಆಗುತ್ತಿತ್ತು, ಒಲೆಯ ಮೇಲಿನ ಸಾರಿನ ಮೇಲೆ ಕಣ್ಣಿಟ್ಟ ಹಾಗೂ ಆಗುತ್ತಿತ್ತು. "ನೂರು ಜನ ಉಣ್ಣೋ ಅಡಿಗೆ ಇದು, ಮನೆ ಅಡಿಗೆ ಅಲ್ಲ" ಎಂದು ದಿನಕ್ಕೊಮ್ಮೆಯಾದರೂ ಹೇಳದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ನಾನಿನ್ನೂ ದೊಡ್ಡವಳಾಗಿರಲಿಲ್ಲ. ಆದ್ದರಿಂದ ಹೊರಗೆ ಕೂತವರನ್ನು ನಾನು ಮುಟ್ಟಬಹುದಿತ್ತು. ಊಟ ಒಯ್ಯುವುದು, ಕೈಗೆ ಎಣ್ಣೆ ಸುರಿಯುವುದು, ತಲೆ ಬಾಚುವುದು, ಬೆನ್ನು ತುರಿಸುವುದು ಎಲ್ಲ ನಾನೇ. ಆಮೇಲೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರೆ ನಾನು ಮತ್ತೆ ಒಳಗಿನವಳು. ಅಜ್ಜಿಗೆ ಇದು ತಮಾಷೆ. ಬಿಸಿ ಪಾತ್ರೆಯನ್ನು ಕೈ ಸುಡದ ಹಾಗೆ ಇಳಿಸುವ ಇಕ್ಕಳಕ್ಕೆ ನನ್ನನ್ನು ಹೋಲಿಸುತ್ತಿದ್ದಳು.

"ಎಲ್ಲಿ ನಮ್ಮ ಮನೆ ಇಕ್ಕಳ? ಪುಟ್ಟೀ, ನಿನ್ನ ಅಕ್ಕಂಗೆ ಮಜ್ಜಿಗೆ ಕೊಟ್ಟು ಬಾ."

ಅಕ್ಕನ ಹೆಸರು ಸುಮ. ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಲೆಕ್ಕದಲ್ಲಿ ಚುರುಕು. ಜಗಲಿಯಲ್ಲಿ ಕೂತು ಬಟಾಣಿ ಸುಲಿಯುತ್ತಲೇ ಹೋಟೆಲಿನಲ್ಲಿ ಅಪ್ಪ ಕೂಗುವ ತಿಂಡಿಗಳನ್ನು ಕೂಡಿ, ಅಪ್ಪ ಬಾಯಿ ತೆರೆಯುವ ಮೊದಲೇ ಗೋಡೆಯಾಚೆಯಿಂದ ಮೊತ್ತ ಹೇಳುತ್ತಿದ್ದಳು. ಆದರೆ ಗಲ್ಲಾದಲ್ಲಿ ಕೂರಿಸುವ ಮಾತು ಬಂದರೆ ಅಪ್ಪ ನಗುತ್ತಿದ್ದ. ಬಸ್‌ಸ್ಟ್ಯಾಂಡಿನ ಎದುರು ವಯಸ್ಸಿನ ಹುಡುಗಿ ಕೂತರೆ ಜನ ಏನೆಂದಾರು ಎನ್ನುತ್ತಿದ್ದ. ಹೋಟೆಲಿನ ಕಟ್ಟಡ ನಮ್ಮದಲ್ಲ. ಓನರು ಅದೇ ಕಟ್ಟಡದ ಮಹಡಿಯಲ್ಲಿದ್ದರು. ಅವರ ಮಗ ಸಾಗರದಲ್ಲಿ ಡಿಗ್ರಿ ಕೊನೆಯ ವರ್ಷ ಓದುತ್ತಿದ್ದ, ಬೆಳಗ್ಗೆ ನಮ್ಮಲ್ಲಿಯೇ ತಿಂಡಿ ತಿಂದು ಬಸ್ಸು ಹತ್ತುತ್ತಿದ್ದ. ಅಕ್ಕನಿಗೆ ಅಕೌಂಟ್ಸ್ ಹೇಳಿಕೊಡುತ್ತೇನೆ ಎಂದ. ಓನರ ಮಗ ತಾನಾಗಿ ಹೇಳಿದನಲ್ಲ ಎಂದು ಅಪ್ಪ ಹಿಗ್ಗಿಹೋದ. ಅಕ್ಕ ಒಲ್ಲೆ ಎಂದಾಗ, ಮೆಟ್ಟಿಲ ಬುಡದವರೆಗೆ ಅಪ್ಪನೇ ಕಳಿಸಿ ಬಂದ. ಮೇಲೆ ನಡೆದದ್ದರಲ್ಲಿ ಎಷ್ಟು ಹೆದರಿಕೆಯಿತ್ತು, ಎಷ್ಟು ಆಸೆಯಿತ್ತು ಎಂದು ಅಕ್ಕ ಇವತ್ತಿನವರೆಗೂ ಹೇಳಿಲ್ಲ. ಅಪ್ಪನ ಅನ್ನ ಯಾರ ಕಟ್ಟಡದಲ್ಲಿ ಬೇಯುತ್ತಿತ್ತೋ ಅವರ ಮಗನಿಗೆ ಆ ವಯಸ್ಸಿನ ಹುಡುಗಿ ಬೇಡ ಎನ್ನಲು ಎಷ್ಟು ಜಾಗವಿತ್ತು ಎಂದು ನಾನೂ ಕೇಳಿಲ್ಲ.

ಅವಳು ಬಸುರಾದಳು. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಯಾಕೆಂದರೆ ಪ್ರತಿ ತಿಂಗಳೂ ತನ್ನ ದಿನಕ್ಕೆ ಸರಿಯಾಗಿ ಅವಳು ಹೊರಗೆ ಹೋಗಿ ಕೂತಳು. ಚಾಪೆ ಹಾಸಿಕೊಂಡಳು. ಕೊಳೆಯಾಗದ ಬಟ್ಟೆಯನ್ನೂ ಒಗೆದು ಹಿತ್ತಿಲ ತಂತಿಯ ಮೇಲೆ ಅಜ್ಜಿಗೆ ಕಾಣುವ ಹಾಗೆ ಹರವಿದಳು. ಹೊಟ್ಟೆನೋವು ಎಂದು ಮುಲುಗಿದಳು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಹೆಣ್ಣುಮಕ್ಕಳಿರುವ ಮನೆಯಲ್ಲಿ ತಾಯಂದಿರಿಗೆ ಒಂದು ದಿಗಿಲು ಸದಾ ಇರುತ್ತದೆ. ಮಗಳು ಹೊರಗೆ ಕೂತ ದಿನ ಅದು ಆ ತಿಂಗಳ ಮಟ್ಟಿಗೆ ಇಳಿಯುತ್ತದೆ. ಅಮ್ಮ ಹಿಂಬಾಗಿಲಲ್ಲಿ ನಿಂತು ಆ ಕೋಣೆಯ ಕಡೆ ನೋಡಿ ನಿರಾಳವಾಗಿ ಉಸಿರುಬಿಡುತ್ತಿದ್ದುದು ನನಗೆ ನೆನಪಿದೆ. ನಮ್ಮನ್ನು ಕಾಯಲು ಕಟ್ಟಿಕೊಂಡ ಪದ್ಧತಿಯೊಳಗೇ ಅಕ್ಕ ಅಡಗಿಕೊಂಡಿದ್ದಳು. ಅಲ್ಲಿ ಯಾರೂ ಅವಳನ್ನು ಮುಟ್ಟುವುದಿಲ್ಲ, ಹತ್ತಿರ ಬಂದು ನೋಡುವುದಿಲ್ಲ. ಉಳಿದ ದಿನ ದೊಗಲೆ ಚೂಡಿದಾರ, ಅಗಲದ ದುಪಟ್ಟಾ. ಮುಖ ಊದಿದ್ದು ಕಂಡಾಗ ಅಜ್ಜಿ ಅಂದಳು:

"ನೋಡೇ, ಹೋಟೆಲ್ ಅನ್ನ ಕೊನೆಗೂ ನಮ್ಮ ಸುಮಿ ಮೈಗೆ ಹತ್ತಿತು. ಇನ್ನು ಗಂಡು ಹುಡುಕೋಕೆ ಅಡ್ಡಿಲ್ಲ."

ಅಕ್ಕನೂ ನಕ್ಕಳು. ಅವಳ ಪಾದಗಳಿಗೆ ಚಪ್ಪಲಿ ಹಿಡಿಯುತ್ತಿರಲಿಲ್ಲ, ಅಪ್ಪನ ಹಳೆಯ ಚಪ್ಪಲಿಯ ಪಟ್ಟಿ ಸಡಿಲಿಸಿ ಮೆಟ್ಟಿಕೊಂಡಳು. ಆ ದಿನಗಳಲ್ಲಿ ಅಮ್ಮನಿಗೂ ಅಜ್ಜಿಗೂ ಒಂದು ಜಗಳ ನಡೆಯುತ್ತಿತ್ತು. ಪರೀಕ್ಷೆ ಹತ್ತಿರ ಬಂತು, ಮಗಳನ್ನು ಆ ತಗಡಿನ ಕೆಳಗೆ ಕೂರಿಸುವುದು ಬೇಡ, ಜಗಲಿಯ ಮೂಲೆಯಲ್ಲಿ ಕೂತು ಓದಲಿ ಎಂದು ಅಮ್ಮ. ಎಂದೂ ಬಾಯಿ ತೆರೆಯದವಳು ಮಗಳ ಓದಿಗಾಗಿ ತೆರೆದಿದ್ದಳು. ಆ ಜಗಳದಲ್ಲಿ ಅಜ್ಜಿಯ ಪರ ನಿಂತವಳು ಅಕ್ಕನೇ.

"ಬೇಡಮ್ಮ. ನಂಗೆ ಅಲ್ಲೇ ಅಡ್ಡಿಲ್ಲ. ಅಜ್ಜಿ ಹೇಳೋದೇ ಸರಿ."

ಅಜ್ಜಿ ಗೆದ್ದವಳ ಹಾಗೆ ಅಮ್ಮನ ಮುಖ ನೋಡಿದಳು. "ಕಲಿ, ನಿನ್ನ ಮಗಳ ಹತ್ರ ಕಲಿ" ಅಂದಳು.

ಅಜ್ಜನ ತಿಥಿ ಮಾವಿನ ಮಿಡಿಯ ಕಾಲದಲ್ಲಿ ಬರುತ್ತಿತ್ತು. ಆ ವರ್ಷ ತಿಥಿಯ ಹಿಂದಿನ ದಿನವೇ ಅಕ್ಕ ಹೊರಗೆ ಕೂತಳು. ಎರಡು ದಿನದಿಂದ ತಲೆ ಸಿಡಿಯುತ್ತಿತ್ತು, ಎಲ್ಲಿಯಾದರೂ ಒಬ್ಬಳೇ ಮಲಗಿದರೆ ಸಾಕಾಗಿತ್ತು ಎಂದು ಬಹಳ ಕಾಲದ ಮೇಲೆ ನನ್ನ ಹತ್ತಿರ ಹೇಳಿದಳು. ಅಜ್ಜಿಗೆ ಸಿಟ್ಟೇ ಸಿಟ್ಟು. ಪಿತೃಕಾರ್ಯದ ಅಡುಗೆ ಮಡಿಯಲ್ಲಾಗಬೇಕು. ಒದ್ದೆ ಸೀರೆಯುಟ್ಟು, ಯಾರನ್ನೂ ಸೋಂಕದೆ ಅಮ್ಮ ಒಲೆಯ ಮುಂದೆ ನಿಂತಿದ್ದಳು. ಹೊರಗೆ ಕೂತವಳ ದನಿ ಕೂಡ ಆ ದಿನ ಒಳಗಿನವರ ಕಿವಿಗೆ ಬೀಳಬಾರದು. ಅಜ್ಜಿ ಹಿಂಬಾಗಿಲಿಂದಲೇ ಅಕ್ಕನಿಗೆ ಎಚ್ಚರಿಸಿದಳು.

"ಭಟ್ರು ಬರ್ತಾರೆ. ಕೆಮ್ಮಿದ್ದೂ ಕೇಳ್ಬಾರ್ದು. ತಿಳೀತಾ?"

ಅಕ್ಕ ತಲೆಯಾಡಿಸಿದಳು. ಹೇಳಿದ ಮಾತು ಪಾಲಿಸಿದಳು. ಅವತ್ತಿನ ಬೆಳಗ್ಗೆ ಪೂರ್ತಿ ಆ ನೋವನ್ನು ಒಂದು ಸದ್ದಿಲ್ಲದೆ ನುಂಗಿದಳು.

ಹೋಟೆಲಿಗೆ ಆ ದಿನ ಬಾಗಿಲು ಹಾಕಿತ್ತು. ತಿಥಿ ಮಾಡಿಸಲು ಬಂದ ಇಬ್ಬರು ಭಟ್ಟರು ಜಗಲಿಯಲ್ಲಿ ಕೂತಿದ್ದರು, ಮಂತ್ರ ನಡೆದಿತ್ತು. ಬಿಸಿಲು ನೆತ್ತಿಗೆ ಬಂದಾಗ ನಾನು ಚೊಂಬಿನಲ್ಲಿ ನೀರು ತೆಗೆದುಕೊಂಡು ಹಿಂದೆ ಹೋದೆ. ತಗಡಿನ ತೂತುಗಳಿಂದ ಬಿಸಿಲು ಇಳಿದು ಚಾಪೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಅಕ್ಕ ಕಣ್ಣು ಬಿಟ್ಟೇ ಮಲಗಿದ್ದಳು.

"ಪುಟ್ಟೀ, ಲೈಟ್ ಹಾಕೇ. ಎಂತ ಕತ್ಲೆ ಇದು."

"ಅಕ್ಕ, ಮಧ್ಯಾಹ್ನ ಕಣೆ."

ಅವಳು ಅಂಗೈಯನ್ನು ಕಣ್ಣ ಮುಂದೆ ಹಿಡಿದು ಆಡಿಸಿದಳು. ಆಮೇಲೆ ತೀರಾ ಮೆಲ್ಲಗೆ ಕೇಳಿದಳು.

"ಹಂಗಾರೆ ನನ್ನ ಕಣ್ಣಿಗೆ ಎಂತಾಗಿದೆ?"

ಅಷ್ಟು ಹೇಳಿದ್ದೇ ಅವಳ ಬಾಯಿ ಒಂದು ಕಡೆಗೆ ಎಳೆಯಿತು, ಕೈಕಾಲು ಸೆಟೆದವು, ಇಡೀ ಮೈ ಚಾಪೆಯ ಮೇಲೆ ಅಪ್ಪಳಿಸತೊಡಗಿತು. ನಾನು ಕಿರುಚಿದೆ. ಜಗಲಿಯಲ್ಲಿ ಮಂತ್ರ ಒಮ್ಮೆ ತಡೆದು ಮತ್ತೆ ಮುಂದುವರಿಯಿತು. ಅಮ್ಮನೂ ಅಜ್ಜಿಯೂ ಹಿಂಬಾಗಿಲಿಗೆ ಓಡಿಬಂದರು. ಅಮ್ಮನ ಎರಡೂ ಕೈಗೆ ವಡೆಯ ಹಿಟ್ಟು ಮೆತ್ತಿತ್ತು. ಅವಳು ಅಂಗಳ ದಾಟಿ ಕೋಣೆಯ ಹೊಸ್ತಿಲವರೆಗೆ ಬಂದಳು. ಹಿಂದಿನಿಂದ ಅಜ್ಜಿಯ ಕೂಗು ಅವಳನ್ನು ತಡೆಯಿತು.

"ನಿಲ್ಲೇ ಅಲ್ಲಿ! ಮಡೀಲಿದೀಯ! ಎಲೆ ಹಾಕಿ ಆಯ್ತು!"

"ಅತ್ತೆ, ಅವಳು..."

"ಫಿಟ್ಸು. ಕಬ್ಬಿಣ ಹಿಡ್ಸಿದ್ರೆ ನಿಲ್ತದೆ. ಇಕ್ಕಳ ಅಲ್ಲೇ ಇದೆಯಲ್ಲ, ಅದು ಹಿಡೀತದೆ ಬಿಡು."

ಸೊಂಟದ ಬೀಗದ ಕೈ ಗೊಂಚಲನ್ನು ಅಜ್ಜಿ ನನ್ನ ಕಾಲ ಬಳಿ ಎಸೆದಳು. ನಾನು ಅದನ್ನು ಅಕ್ಕನ ಮುಷ್ಟಿಗೆ ತುರುಕಲು ನೋಡಿದೆ. ಮುಷ್ಟಿ ತೆರೆಯಲಿಲ್ಲ. ಅಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಹಿಟ್ಟಿನ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು, ಒದ್ದೆ ಸೀರೆಯ ಅಂಚಿನಿಂದ ನೀರು ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಈಗ ನಾನು ಓದಿದ್ದೇನೆ. ಅದು ಬಸುರಿಯರಿಗೆ ಬರುವ ಸನ್ನಿ ಎಂದು, ಅದಕ್ಕೆ ಔಷಧವಿದೆ ಎಂದು, ಒಂದೊಂದು ಗಳಿಗೆ ತಡವಾದರೂ ಇಬ್ಬರ ಜೀವವೂ ಹೋಗಬಹುದು ಎಂದು ನನಗೆ ಗೊತ್ತು. ಅಮ್ಮ ಎಷ್ಟು ಹೊತ್ತು ಹಾಗೆ ನಿಂತಿದ್ದಳು ಎಂಬುದು ಮಾತ್ರ ಎಷ್ಟು ಸಲ ನೆನೆದರೂ ಗೊತ್ತಾಗುವುದಿಲ್ಲ. ಒಮ್ಮೊಮ್ಮೆ ಒಂದು ಉಸಿರಿನಷ್ಟು ಎನಿಸುತ್ತದೆ. ಒಮ್ಮೊಮ್ಮೆ ಅವಳು ಇನ್ನೂ ಅಲ್ಲೇ ನಿಂತಿದ್ದಾಳೆ ಎನಿಸುತ್ತದೆ, ನಾನು ಕ್ಲಾಸಿನಲ್ಲಿ ಪಾಠ ಮಾಡುತ್ತಿರುವಾಗ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತುಬಿಡುತ್ತದೆ.

ಅಕ್ಕ ಗೋಡೆಗೆ ತಲೆ ಬಡಿದುಕೊಳ್ಳದಿರಲಿ ಎಂದು ನಾನು ಅವಳ ಮೇಲೆ ಅಡ್ಡ ಬಿದ್ದೆ. ದುಪಟ್ಟಾ ಸರಿಯಿತು. ನನ್ನ ಎದೆಯ ಕೆಳಗೆ ಅವಳ ಹೊಟ್ಟೆ ಗಟ್ಟಿಯಾಗಿ, ದುಂಡಗೆ ಇತ್ತು. ಒಳಗಿನಿಂದ ಏನೋ ನನ್ನನ್ನು ತಳ್ಳಿತು.

"ಅಮ್ಮಾ, ಅಕ್ಕನ ಹೊಟ್ಟೇಲಿ ಎಂತದೋ ಒದೀತಿದೆ!"

ಅಮ್ಮ ಹೊಸ್ತಿಲು ದಾಟಿದಳು. ಹಿಟ್ಟಿನ ಕೈಯಲ್ಲೇ ಅಕ್ಕನ ತಲೆಯನ್ನು ತೊಡೆಗೆ ಎಳೆದುಕೊಂಡಳು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಅಂದಳು:

"ಕೆಡಿಸ್ದೆ. ಇನ್ನು ನೀನು ಒಳಗೆ ಕಾಲಿಡಬೇಡ."

ಅಪ್ಪ ಬಂದ. ಪಂಚೆಯುಟ್ಟಿದ್ದ, ಬೆರಳಲ್ಲಿ ದರ್ಭೆಯ ಉಂಗುರ ಹಾಗೇ ಇತ್ತು. ಅಮ್ಮ ಒಂದೇ ಮಾತಿನಲ್ಲಿ ಹೇಳಿದಳು, ಇವಳು ಬಸುರಿ, ಗಾಡಿ ತರಿಸಿ ಎಂದು. ಅಪ್ಪ ಅಕ್ಕನನ್ನು ನೋಡಲಿಲ್ಲ. ತಿರುಗಿ ಹೋಗಿ ಅಡುಗೆಮನೆಯ ಹಿಂಬಾಗಿಲನ್ನು ಎಳೆದುಕೊಂಡು ಮತ್ತೆ ಬಂದ.

"ಮೆಲ್ಲಗೆ ಮಾತಾಡು. ಭಟ್ರ ಊಟ ಆಗ್ಲಿ."

"ಒನ್‌ನಾಟ್‌ಏಟಿಗೆ ಫೋನ್ ಮಾಡಿ ಅಂದ್ರೆ!"

"ಅದು ಸೈರನ್ ಹಾಕ್ಕೊಂಡು ಬರ್ತದೆ ಮಾರಾಯ್ತಿ. ಓನರ್ ಮೇಲೇ ಇದ್ದಾರೆ, ಇಡೀ ಬಸ್‌ಸ್ಟ್ಯಾಂಡ್ ಸೇರ್ತದೆ. ಈಗ ನಿಂತಿದೆಯಲ್ಲ ಫಿಟ್ಸು? ಒಂದರ್ಧ ಗಂಟೆ."

ಅಪ್ಪ ಒಳಗೆ ಹೋದ. ಅಜ್ಜಿಯೇ ಬಡಿಸಿದಳು. ಅಂಗಳದಾಚೆಯಿಂದ ನಮಗೆ ಎಲ್ಲ ಕೇಳಿಸುತ್ತಿತ್ತು. "ಪಾಯಸ ಹದವಾಗಿದೆ" ಎಂದರು ಒಬ್ಬ ಭಟ್ಟರು. "ಇನ್ನೊಂದು ವಡೆ" ಎಂದು ಅಪ್ಪ ಉಪಚಾರ ಮಾಡಿದ. ಅಕ್ಕನ ಗಂಟಲಿನಲ್ಲಿ ಗೊರಗೊರ ಸದ್ದು. ಮತ್ತೊಮ್ಮೆ ಅವಳ ಮೈ ಸೆಟೆಯಿತು. ಆಗ ಅಮ್ಮ ಅಕ್ಕನ ತಲೆಯನ್ನು ನನ್ನ ತೊಡೆಗೆ ದಾಟಿಸಿ ಎದ್ದಳು. ಹಿತ್ತಿಲ ಗೇಟು ತೆಗೆದು, ಆ ಒದ್ದೆ ಸೀರೆಯಲ್ಲಿ, ಹಿಟ್ಟು ಒಣಗಿದ ಕೈಯಲ್ಲಿ, ಬಸ್‌ಸ್ಟ್ಯಾಂಡಿನ ಜನರ ನಡುವೆ ಹಾದು ಬಾಡಿಗೆಯ ಓಮ್ನಿ ವ್ಯಾನು ನಿಲ್ಲುವ ಜಾಗಕ್ಕೆ ಹೋದಳು. ಅಷ್ಟು ವರ್ಷ ಕಡುಬು ಮಾಡಿ ಹಾಕಿದ ಆ ಬಸ್‌ಸ್ಟ್ಯಾಂಡಿಗೆ ಅವಳು ಒಬ್ಬಳೇ ಕಾಲಿಟ್ಟಿದ್ದು ನನಗೆ ಗೊತ್ತಿರುವ ಹಾಗೆ ಅದೇ ಮೊದಲು.

ಓಮ್ನಿ ಹೊರಡುವ ಹೊತ್ತಿಗೆ ಭಟ್ಟರು ಕೈ ತೊಳೆದಾಗಿತ್ತು. ಹಿಂದೆ ಅಕ್ಕನನ್ನು ಹಿಡಿದುಕೊಂಡು ಅಮ್ಮನೂ ನಾನೂ ಕೂತೆವು, ಅಪ್ಪ ಬಂದು ಮುಂದೆ ಕೂತ. ಸಾಗರದ ಆಸ್ಪತ್ರೆ ಕಾಣುವ ಹೊತ್ತಿಗೆ ಹಿಂದೆ ತಿರುಗಿ ಅಮ್ಮನ ಕೊರಳು ತೋರಿಸಿದ. ಅಮ್ಮನಿಗೆ ಅರ್ಥವಾಗಲಿಲ್ಲ.

"ಕರಿಮಣಿ ತೆಗ್ದು ಅವಳಿಗೆ ಹಾಕು."

ಕೆರೆಗೆ ಮೀಯಲು ಹೋಗುವಾಗಲೂ ಕರಿಮಣಿ ತೆಗೆಯಬಾರದು ಎಂದು ಬೆಳೆದವಳು ನನ್ನ ಅಮ್ಮ. ತೆಗೆದಳು. ಪ್ರಜ್ಞೆಯಿಲ್ಲದ ಮಗಳ ಕೊರಳಿಗೆ ಹಾಕಿದಳು. ಒಳಗೆ ಡಾಕ್ಟರಮ್ಮ ಅಕ್ಕನ ಕಣ್ಣರೆಪ್ಪೆ ಎತ್ತಿ ನೋಡಿ, ಹೊಟ್ಟೆ ಮುಟ್ಟಿ, ನರ್ಸಿಗೆ ಇಂಜೆಕ್ಷನ್ ಹೇಳುತ್ತಲೇ ಕೇಳಿದರು.

"ಎಷ್ಟು ತಿಂಗಳು?"

"ಇವತ್ತು ಹೊರಗೆ ಕೂತಿದ್ದಾಳೆ ಡಾಕ್ಟ್ರೇ" ಎಂದಳು ಅಮ್ಮ. "ನಿನ್ನೆಯಿಂದ ಕೂತಿದ್ದಾಳೆ. ಪ್ರತಿ ತಿಂಗಳೂ ಕೂತಿದ್ದಾಳೆ. ಒಂದು ತಿಂಗಳೂ ತಪ್ಪಿಲ್ಲ."

ಡಾಕ್ಟರಮ್ಮ ತಲೆಯೆತ್ತಿ ಅಮ್ಮನನ್ನು ನೋಡಿದರು. ಆ ನೋಟದಲ್ಲಿ ಬೈಗುಳವಿರಲಿಲ್ಲ.

"ಎಂಟು ತುಂಬಿದೆ ಅಮ್ಮಾ. ವಯಸ್ಸೆಷ್ಟು ಇವಳಿಗೆ? ಹದಿನೆಂಟು ಆಗಿಲ್ಲ ಅಂದ್ರೆ ನಾನು ಪೊಲೀಸಿಗೆ ತಿಳಿಸ್ಬೇಕು. ಯಾರು ಮಾಡಿದ್ದು ಅಂತ ಅವರು ಕೇಳ್ತಾರೆ. ಕೇಳ್ಲೇಬೇಕು."

"ಹತ್ತೊಂಬತ್ತು" ಎಂದ ಅಪ್ಪ. "ಮದುವೆ ಆಗಿದೆ. ಗಂಡ ಬೊಂಬಾಯಲ್ಲಿದ್ದಾನೆ."

"ಹೌದೇನಮ್ಮ?"

ಅಮ್ಮ ಅಪ್ಪನ ಮುಖ ನೋಡಲಿಲ್ಲ. ಅಕ್ಕನ ಕೊರಳಲ್ಲಿದ್ದ ತನ್ನ ಕರಿಮಣಿ ನೋಡಿದಳು.

"ಹೌದು" ಎಂದಳು.

ಕೋಣೆಯ ಹೊಸ್ತಿಲು ದಾಟಿದವಳಿಗೆ ಈ ಮಾತು ದಾಟಲಾಗಲಿಲ್ಲ. ನಾನು ಅವಳನ್ನು ದೂರುವುದಿಲ್ಲ. ಆ ಒಂದು 'ಹೌದು'ವಿನಿಂದ ಮಹಡಿಯ ಮೇಲಿದ್ದವನ ಹೆಸರನ್ನು ಯಾರೂ ಕೇಳಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ಬರೆದಿಡುತ್ತೇನೆ.

ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು. ನಾನು ವರಾಂಡದ ಬೆಂಚಿನ ಮೇಲಿದ್ದೆ. ಅದು ಅತ್ತಿದ್ದು ನನಗೆ ಕೇಳಿಸಿತು. ಬೆಕ್ಕಿನ ಮರಿಯಷ್ಟು ಸಣ್ಣ ದನಿ, ಒಂದೇ ಸಲ. ಸಂಜೆಯೊಳಗೆ ಅದು ಹೋಗಿಬಿಟ್ಟಿತು. ಅಪ್ಪ ಪರಿಚಯದವರ ಬೈಕು ಇಸಕೊಂಡು ಬಂದ. ಬಟ್ಟೆ ಸುತ್ತಿದ ಮಗುವನ್ನು ಒಂದು ಕೈಚೀಲದೊಳಗಿಟ್ಟು, ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಊರಿನ ದಾರಿ ಹಿಡಿದ. ದೀಪ ಹಚ್ಚುವ ಹೊತ್ತಿಗೆ ಬರಿಗೈಯಲ್ಲಿ ವಾಪಸು ಬಂದ. ಅಮ್ಮ ಒಂದೇ ಶಬ್ದ ಕೇಳಿದಳು.

"ಎಲ್ಲಿ?"

"ದಾರೀಲಿ" ಎಂದ.

ಅಕ್ಕನಿಗೆ ಎಚ್ಚರವಾಯಿತು. ಕಣ್ಣು ನಿಧಾನವಾಗಿ ಮರಳಿತು. ಮೊದಲು ನನ್ನ ಬಳೆಯ ಹೊಳಪು ಕಂಡಿತಂತೆ, ಆಮೇಲೆ ನಾನು. ಮಗು ಅತ್ತಿತ್ತಾ ಎಂದು ಕೇಳಿದಳು. ಅತ್ತಿತ್ತು ಎಂದೆ. ಅದಕ್ಕಿಂತ ಹೆಚ್ಚು ಅವಳಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅವಳು ಬದುಕಿದ್ದು ದೊಡ್ಡದು ಎಂದು ಎಲ್ಲರೂ ಅಂದರು, ಹಾಗೆ ಅನ್ನುತ್ತಲೇ ಅವಳನ್ನು ನಿಟ್ಟೂರಿನ ಅತ್ತೆಯ ಮನೆಗೆ ಸಾಗಿಸಿದರು. ಪರೀಕ್ಷೆ ಬರೆಯಲಿಲ್ಲ. ತೀರ್ಥಹಳ್ಳಿ ಕಡೆಯ ಒಬ್ಬ ವಿಧುರನಿಗೆ, ಶಾಲೆಗೆ ಹೋಗುವ ಎರಡು ಮಕ್ಕಳ ಅಪ್ಪನಿಗೆ, ಅವಳನ್ನು ಕೊಟ್ಟರು. ಅಜ್ಜಿ ಮಾರನೆಯ ತಿಂಗಳು ಪ್ರಾಯಶ್ಚಿತ್ತ ಮಾಡಿಸಿ ಅಜ್ಜನ ತಿಥಿಯನ್ನು ಮತ್ತೊಮ್ಮೆ ಮಾಡಿಸಿದಳು. ಓನರ ಮಗ ಕೆಲವು ವಾರ ಕಾಣಲಿಲ್ಲ. ಆಮೇಲೆ ಒಂದು ಬೆಳಗ್ಗೆ ಬಂದು ಬೆಂಚಿನ ಮೇಲೆ ಕೂತ. ಅಪ್ಪ ಒಳಗೆ ಬಂದು, ಗೋಡೆ ನೋಡುತ್ತಾ, "ಎರಡು ಕಡುಬು" ಎಂದ. ಅಮ್ಮ ಹಾಕಿಕೊಟ್ಟಳು. ನೀರಿನ ಲೋಟ ಒಯ್ದವಳು ನಾನು. ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ.

ಅಕ್ಕ ವರ್ಷಕ್ಕೊಮ್ಮೆ ತವರಿಗೆ ಬರುತ್ತಾಳೆ. ಬಂದ ಮಾರನೆಯ ದಿನ ಸಾಗರದಲ್ಲಿ ಬಟ್ಟೆ ತಗೊಳ್ಳಬೇಕು ಎನ್ನುತ್ತಾಳೆ. ನಾನು ಜೊತೆಗೆ ಹೋಗುತ್ತೇನೆ. ಹೋಗುವಾಗಲೂ ಬರುವಾಗಲೂ ಅವಳಿಗೆ ಎಡಗಡೆಯ ಕಿಟಕಿಯೇ ಬೇಕು, ಹಾಗೆ ಕೂತರೆ ರಸ್ತೆಯ ಎರಡೂ ಬದಿ ನೋಡಿದಂತಾಗುತ್ತದೆ. ಮಗುವನ್ನು ಎಲ್ಲಿ ಹೂತಿದ್ದು ಎಂದು ಅಪ್ಪನನ್ನು ಅವಳು ಒಮ್ಮೆ ಕೇಳಿದ್ದಳು. ಆಗ ಅಪ್ಪ, ಸಂಜೆಯಾಗಿತ್ತು, ಮರಗಳಿದ್ದವು, ಯಾವ ಜಾಗ ಅಂತ ಹೇಳ್ಲಿ ಎಂದು ಎದ್ದು ಹೋಗಿದ್ದ. ಆ ಮರಗಳೆಂದರೆ ಅಕೇಶಿಯಾ. ಅವನ್ನು ಕಡಿದು, ಬೇರು ಕಿತ್ತು, ಮತ್ತೆ ನೆಟ್ಟಿದ್ದಾರೆ. ಈ ಸಲ ಹೋದಾಗ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಎರಡೂ ಬದಿಯಲ್ಲಿ ಜೆಸಿಬಿಗಳು ಕೆಂಪು ಮಣ್ಣನ್ನು ಬಗೆದು ಲಾರಿಗೆ ತುಂಬುತ್ತಿದ್ದವು. ಅಕ್ಕ ಥಟ್ಟನೆ ಎದ್ದು ನಿಂತಳು.

"ನಿಲ್ಸಿ. ಇಳೀಬೇಕು, ನಿಲ್ಸಿ!"

"ಇಲ್ಲಿ ಸ್ಟಾಪಿಲ್ಲಕ್ಕ" ಎಂದ ಕಂಡಕ್ಟರು. ಅವಳ ಮುಖ ನೋಡಿ ಅವನ ದನಿ ಮೆತ್ತಗಾಯಿತು. "ಆಯ್ತು, ನಿಲ್ಸಣ. ಎಲ್ಲಿ ಇಳೀಬೇಕು ಹೇಳಿ?"

ಅಕ್ಕ ಕಂಬಿ ಹಿಡಿದು ನಿಂತೇ ಇದ್ದಳು. ಕಿಟಕಿಯಾಚೆ ಮಣ್ಣಿನ ರಾಶಿಗಳು ಒಂದಾದ ಮೇಲೊಂದು ಹಿಂದೆ ಸರಿಯುತ್ತಿದ್ದವು. ಅವಳು ನನ್ನ ಕಡೆ ತಿರುಗಿದಳು. ಕಂಡಕ್ಟರು ವಿಸಿಲ್ ಬಾಯಿಗಿಟ್ಟುಕೊಂಡು, ಜಾಗ ಹೇಳುತ್ತೇವೆಂದು ನಮ್ಮಿಬ್ಬರನ್ನೂ ನೋಡುತ್ತಾ ಕಾದ.